ಸಾಸಿವೆ ಡಬ್ಬಿ, ಚೀಟಿ ಮತ್ತು ಮೂರು ರೂಪಾಯಿ ಬಡ್ಡಿ

ನಮ್ಮಲ್ಲಿ ಬಹುತೇಕರ ಅಮ್ಮಂದಿರಿಗೆ ಎರಡು ಬ್ಯಾಂಕುಗಳಿದ್ದವು. ಒಂದು, ಅಪ್ಪನ ಹೆಸರಿನಲ್ಲಿ ಪಾಸ್‌ಬುಕ್ ಇದ್ದ ಬ್ಯಾಂಕು. ಇನ್ನೊಂದು ಅಡುಗೆಮನೆಯ ಸಾಸಿವೆ ಡಬ್ಬಿ. ತರಕಾರಿಯಲ್ಲಿ ಉಳಿಸಿದ ಎಂಟಾಣೆ, ತವರಿನಿಂದ ಬಂದ ಹತ್ತು ರೂಪಾಯಿ, ಹಳೆ ಪೇಪರ್ ಮಾರಿದ ಚಿಲ್ಲರೆ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ನಮ್ಮ ಸ್ಕೂಲ್ ಟೂರಿಗೆ ಅಪ್ಪ "ಇಲ್ಲ" ಎಂದ ಮೇಲೂ ದುಡ್ಡು ಹುಟ್ಟುತ್ತಿದ್ದದ್ದು ಆ ಡಬ್ಬಿಯಿಂದಲೇ. ಇವತ್ತು ಇಲ್ಲಿ ಅಮೆರಿಕದಲ್ಲಿ ನಮ್ಮ ಸಂಬಳ ನಮ್ಮ ಕೈಗೆ ಬರುವ ಮೊದಲೇ ಒಂದು ಭಾಗ ನಿವೃತ್ತಿ ನಿಧಿಗೆ ಹೋಗಿಬಿಡುತ್ತದೆ. ಉಳಿಸುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ, ನಾವು ಮಾಡುವುದಿಲ್ಲ. ಬಹುಶಃ ಅದಕ್ಕೇ ನಮಗೆ ಒಂದು ವಿಷಯ ಮರೆತುಹೋಗಿದೆ.

ನಮ್ಮ ವಿದ್ಯಾರ್ಥಿ ನಿಧಿಗೆ ಹಣ ಕೂಡಿಸುವಾಗ ಪ್ರತಿವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು: "ಆ ಕುಟುಂಬಗಳಿಗೆ ಬರೀ ದುಡ್ಡು ಕೊಟ್ಟರೆ ಆಯ್ತೇ? ಉಳಿತಾಯ ಮಾಡುವುದನ್ನೂ ಯಾರಾದರೂ ಕಲಿಸಬೇಡವೇ?" ಕೇಳುವವರ ಮನಸ್ಸು ಒಳ್ಳೆಯದೇ. ನಾನೂ ಮೊದಲೆರಡು ವರ್ಷ ಇದನ್ನೇ ಕೇಳಿದವಳು. ಆಮೇಲೆ ಬೆಂಗಳೂರಿಗೆ ಹೋದಾಗ ಒಂದಿಷ್ಟು ಮನೆಗಳ ಲೆಕ್ಕ ಕೇಳಿದೆ, ಒಂದಿಷ್ಟು ಪುಸ್ತಕ ಓದಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಲೆಕ್ಕ ಇದೆ, ಬೇಸರಿಸಬೇಡಿ. ಇಲ್ಲಿ ಬೆಳೆದ ಮಕ್ಕಳಿಗೂ ಓದಿ ಹೇಳಬಹುದು, ಎಲ್ಲ ಐದನೇ ಕ್ಲಾಸಿನ ಗಣಿತ.

ಒಂದು ಮನೆಯ ತಿಂಗಳು

ರಾಜಾಜಿನಗರದಲ್ಲಿ ನಮ್ಮ ಅಮ್ಮನ ಮನೆಗೆ ಕೆಲಸಕ್ಕೆ ಬರುವಾಕೆ ಲಗ್ಗೆರೆಯಲ್ಲಿರುತ್ತಾರೆ. ಹೆಸರು ಬೇಡ. ನಾಲ್ಕು ಮನೆ ಕೆಲಸ. ಗಂಡ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾನೆ. ಎರಡು ಮಕ್ಕಳು. 2023ರ ಜನವರಿಯಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಆಕೆಯೇ ಬಾಯಲ್ಲಿ ಹೇಳಿದ ಲೆಕ್ಕ ಇದು. ನಾನು ಟೆಲಿಫೋನ್ ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡೆ.

ನಾಲ್ಕು ಮನೆಯಿಂದ 11,000. ಗಂಡನಿಗೆ ದಿನಕ್ಕೆ 800, ಕೆಲಸ ಇದ್ದ ದಿನ ಮಾತ್ರ. ಒಳ್ಳೆ ತಿಂಗಳಲ್ಲಿ ಹದಿನೆಂಟು ದಿನ ಸಿಕ್ಕರೆ 14,400, ಮಳೆಗಾಲದಲ್ಲಿ ಹತ್ತು ದಿನ ಸಿಕ್ಕರೆ 8,000. ಅಂದರೆ ಮನೆಗೆ ಒಂದು ತಿಂಗಳು 25,400, ಇನ್ನೊಂದು ತಿಂಗಳು 19,000. ಅದರಲ್ಲಿ ಗಂಡನ ಬೀಡಿ, ಟೀ, "ಇನ್ನೊಂದು ಖರ್ಚು" ಕಳೆದು ಕೈಗೆ ಬರುವುದು ಎಷ್ಟು ಅಂತ ಆಕೆಗೇ ಖಚಿತವಿಲ್ಲ.

ಖರ್ಚು: ಮನೆ ಬಾಡಿಗೆ 5,500. ಕರೆಂಟು, ನೀರು 700. ಸಿಲಿಂಡರ್ 1,100. ದಿನಸಿ, ತರಕಾರಿ 6,000. ಹಾಲು 1,300. ಮೊಬೈಲ್ ರೀಚಾರ್ಜ್ 500. ಬಸ್ಸು 1,000. ಚೀಟಿ 2,500. ಗಿರವಿ ಅಂಗಡಿಯಲ್ಲಿ ಅಡವಿಟ್ಟ ಸರದ ಬಡ್ಡಿ 800. ಒಟ್ಟು 19,400. ಮಳೆ ತಿಂಗಳಲ್ಲಿ ಆಗಲೇ 400 ಕಡಿಮೆ, ಮತ್ತು ಈ ಪಟ್ಟಿಯಲ್ಲಿ ಇನ್ನೂ ಸ್ಕೂಲ್ ಫೀಜು ಬಂದಿಲ್ಲ, ಜ್ವರ ಬಂದಿಲ್ಲ, ಊರ ಹಬ್ಬ ಬಂದಿಲ್ಲ, ನಾದಿನಿಯ ಸೀಮಂತ ಬಂದಿಲ್ಲ.

ಈ ಚೀಟಿಯನ್ನು ಒಮ್ಮೆ ಗಮನಿಸಿ. ಹತ್ತರಲ್ಲಿ ಒಂದು ಪಾಲು ಆದಾಯವನ್ನು ಈಕೆ ಆಗಲೇ ಉಳಿಸುತ್ತಿದ್ದಾರೆ, ನಾವು ಹೇಳಿಕೊಡುವ ಮೊದಲೇ. ನಮ್ಮಲ್ಲಿ ಎಷ್ಟು ಮಂದಿ ನಿವೃತ್ತಿ ನಿಧಿ ಬಿಟ್ಟು ಹತ್ತು ಪರ್ಸೆಂಟ್ ಉಳಿಸುತ್ತೇವೆ? ನಾನಂತೂ ಇಲ್ಲ.

ಬಡವರ ಕಷ್ಟ ಆದಾಯ ಕಡಿಮೆ ಅನ್ನುವುದೊಂದೇ ಅಲ್ಲ. ದುಡ್ಡು ಹನಿಹನಿಯಾಗಿ, ಹೊತ್ತುಗೊತ್ತಿಲ್ಲದೆ ಬರುತ್ತದೆ. ಖರ್ಚು ಮಾತ್ರ ಕೊಡದಷ್ಟು ಒಟ್ಟಿಗೇ ಬರುತ್ತದೆ. ಮೇ-ಜೂನ್‌ನಲ್ಲಿ ಇಬ್ಬರು ಮಕ್ಕಳ ಫೀಜು, ಪುಸ್ತಕ, ಯೂನಿಫಾರಂ. ಮನೆ ಬದಲಾಯಿಸಿದರೆ ಅಡ್ವಾನ್ಸು. ಬೆಂಗಳೂರಿನಲ್ಲಿ ಇನ್ನೊಂದು ಪದ್ಧತಿಯೂ ಇದೆ, ಭೋಗ್ಯ. ಈಗ ಎಲ್ಲರೂ "ಲೀಸು" ಅನ್ನುತ್ತಾರೆ. ಮಾಲೀಕನಿಗೆ ಕೆಲವು ಲಕ್ಷ ಒಟ್ಟಿಗೆ ಕೊಟ್ಟರೆ ಎರಡು-ಮೂರು ವರ್ಷ ಬಾಡಿಗೆಯೇ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸ್ಸು. ತಿಂಗಳಿಗೆ 5,500 ಉಳಿಯುತ್ತದೆ! ಆದರೆ ಒಟ್ಟಿಗೆ ಆ ಮೊತ್ತ ಇದ್ದವರಿಗೆ ಮಾತ್ರ. ಹನಿ ಇರುವವನು ಬಾಡಿಗೆ ಕಟ್ಟುತ್ತಲೇ ಇರುತ್ತಾನೆ, ಗಂಟು ಇರುವವನು ಪುಕ್ಕಟೆ ಇರುತ್ತಾನೆ. ಆಕೆಯ ಜೀವನದ ಆಸೆ ಸ್ವಂತ ಮನೆಯಲ್ಲ, ಒಂದು ಲೀಸು ಮನೆ.

ಹನಿಯನ್ನು ಗಂಟು ಮಾಡುವ ಮೂರು ದಾರಿ

2009ರಲ್ಲಿ "ಪೋರ್ಟ್‌ಫೋಲಿಯೋಸ್ ಆಫ್ ದಿ ಪೂರ್" ಎಂಬ ಪುಸ್ತಕ ಬಂತು. ಡ್ಯಾರಿಲ್ ಕಾಲಿನ್ಸ್, ಜೊನಾಥನ್ ಮೊರ್ಡುಕ್, ಸ್ಟುವರ್ಟ್ ರುದರ್‌ಫರ್ಡ್, ಒರ್ಲಾಂಡಾ ರುತ್ವೆನ್ ಎಂಬ ನಾಲ್ವರು ಬರೆದದ್ದು. ಬಾಂಗ್ಲಾದೇಶ, ಭಾರತ, ದಕ್ಷಿಣ ಆಫ್ರಿಕಾಗಳಲ್ಲಿ 250ಕ್ಕೂ ಹೆಚ್ಚು ಬಡ ಕುಟುಂಬಗಳ ಮನೆಗೆ ಸುಮಾರು ಎರಡು ವಾರಕ್ಕೊಮ್ಮೆ ಹೋಗಿ, ಒಂದು ವರ್ಷ ಕಾಲ, ಪೈಸೆ ಪೈಸೆ ಲೆಕ್ಕ ಬರೆದುಕೊಂಡರು. ಭಾರತದಲ್ಲಿ ದೆಹಲಿಯ ಕೊಳೆಗೇರಿಗಳೂ ಅದರಲ್ಲಿದ್ದವು. "ಇವರ ಹತ್ತಿರ ದುಡ್ಡೇ ಇಲ್ಲ, ಇನ್ನು ಹಣಕಾಸು ಎಲ್ಲಿಂದ" ಎಂದುಕೊಂಡಿದ್ದವರಿಗೆ ಅಚ್ಚರಿ ಕಾದಿತ್ತು. ಪ್ರತಿಯೊಂದು ಮನೆಯಲ್ಲೂ ಉಳಿತಾಯವೂ ಇತ್ತು, ಸಾಲವೂ ಇತ್ತು. ನಾಲ್ಕು ಬಗೆಗಿಂತ ಕಡಿಮೆ ವ್ಯವಹಾರ ಇಟ್ಟುಕೊಂಡ ಒಂದು ಮನೆಯೂ ಸಿಗಲಿಲ್ಲ: ಡಬ್ಬಿಯಲ್ಲಿ ಒಂದಿಷ್ಟು, ಅಕ್ಕನ ಹತ್ತಿರ ಒಂದಿಷ್ಟು, ಅಂಗಡಿಯಲ್ಲಿ ಉದ್ರಿ, ಮೇಸ್ತ್ರಿಯಿಂದ ಅಡ್ವಾನ್ಸು, ಹೀಗೆ.

ಈ ನಾಲ್ವರಲ್ಲಿ ರುದರ್‌ಫರ್ಡ್ ಅವರು ಇದಕ್ಕಿಂತ ಮೊದಲೇ ಒಂದು ಸರಳ ಮಾತು ಹೇಳಿದ್ದರು. ಹನಿಯನ್ನು ಗಂಟು ಮಾಡಲು ಮೂರೇ ದಾರಿ. ಮೊದಲು ಕೂಡಿಟ್ಟು ಆಮೇಲೆ ಗಂಟು ಪಡೆಯುವುದು, ಇದು ಉಳಿತಾಯ. ಮೊದಲು ಗಂಟು ಪಡೆದು ಆಮೇಲೆ ಹನಿಹನಿಯಾಗಿ ಕಟ್ಟುವುದು, ಇದು ಸಾಲ. ಕಟ್ಟುತ್ತ ಕಟ್ಟುತ್ತ ನಡುವೆ ಎಲ್ಲೋ ಗಂಟು ಪಡೆಯುವುದು. ಇದು ನಮ್ಮ ಚೀಟಿ. ಮೂರರಲ್ಲೂ ಮನೆಯಿಂದ ಪ್ರತಿದಿನ ಹೊರಗೆ ಹೋಗುವುದು ಅದೇ ಐವತ್ತು ರೂಪಾಯಿ. ಗಂಟು ಯಾವಾಗ ಸಿಗುತ್ತದೆ ಎನ್ನುವುದಷ್ಟೇ ವ್ಯತ್ಯಾಸ.

ಮೊದಲನೇ ದಾರಿಯಲ್ಲಿ ಕನ್ನಡ ನಾಡು ಎಲ್ಲರಿಗಿಂತ ಮುಂದೆ ಇತ್ತು ಎಂದು ಹೇಳಿಕೊಳ್ಳಲು ಸಂಕೋಚ ಬೇಡ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಟಿ.ಎಂ.ಎ. ಪೈ ಅವರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ಪಡೆಯುತ್ತಿದ್ದ. ಮಂಗಳೂರು ಕಡೆಯ ಓದುಗರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಪಿಗ್ಮಿ ಕಲೆಕ್ಟರ್ ನೆನಪಿರಬೇಕು. (ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಎಷ್ಟೋ ಸಹಕಾರಿ ಸಂಘಗಳಲ್ಲಿ ಇನ್ನೂ ಉಳಿದಿದೆ.)

ಬ್ಯಾಂಕು ಬಾಗಿಲಿಗೆ ಬಾರದ ಕಡೆ ಏನಾಗುತ್ತದೆ? ರುದರ್‌ಫರ್ಡ್ ಅವರು ವಿಜಯವಾಡದ ಕೊಳೆಗೇರಿಗಳಲ್ಲಿ ಕಂಡ ಒಬ್ಬ ಮಹಿಳೆಯ ಕಥೆ ಬರೆದಿದ್ದಾರೆ. ಆಕೆ ಮನೆಮನೆಗೆ ಹೋಗಿ ದುಡ್ಡು ಪಡೆಯುವವಳು. ಪ್ರತಿಯೊಬ್ಬರಿಗೂ 220 ಚೌಕಗಳ ಒಂದು ಕಾರ್ಡು. ದಿನಕ್ಕೆ ಐದು ರೂಪಾಯಿಯಂತೆ 220 ಚೌಕ ತುಂಬಿದರೆ 1,100 ರೂಪಾಯಿ. ಆಕೆ ವಾಪಸ್ಸು ಕೊಡುವುದು 1,000. ಇಪ್ಪತ್ತು ದಿನದ ದುಡ್ಡು ಆಕೆಯ ಕೂಲಿ. ಅಂದರೆ ಜನ ಉಳಿತಾಯಕ್ಕೆ ಬಡ್ಡಿ ಪಡೆಯುತ್ತಿರಲಿಲ್ಲ, ತಾವೇ ಬಡ್ಡಿ ಕೊಡುತ್ತಿದ್ದರು! ಓದಿದ ತಕ್ಷಣ ನಮಗೆ "ಎಂಥ ಮೋಸ" ಅನ್ನಿಸುತ್ತದೆ. ಆದರೆ ಆ ತಾಯಂದಿರಿಗೆ ಗೊತ್ತಿತ್ತು, ದಿನದ ಐದು ರೂಪಾಯಿ ಮನೆಯಲ್ಲಿದ್ದರೆ ಸಂಜೆಯೊಳಗೆ ಕರಗುತ್ತದೆ ಅಂತ. ನೂರು ಕಳೆದುಕೊಂಡು ಸಾವಿರ ಕಾಪಾಡಿಕೊಂಡರು.

ನಗುವ ಮುನ್ನ ಒಂದು ಮಾತು. 1909ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು "ಕ್ರಿಸ್‌ಮಸ್ ಕ್ಲಬ್" ಶುರುಮಾಡಿತು. ವಾರವಾರ ಕಟ್ಟಿ, ಡಿಸೆಂಬರಿನಲ್ಲಿ ಒಟ್ಟಿಗೆ ಪಡೆಯುವುದು. ಮುಂದೆ ದೇಶವೆಲ್ಲ ಹರಡಿದ ಈ ಕ್ಲಬ್ಬುಗಳಲ್ಲಿ ಅನೇಕ ಕಡೆ ಬಡ್ಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಲಕ್ಷಾಂತರ ಅಮೆರಿಕನ್ನರು ಸೇರಿದರು. ಮಧ್ಯದಲ್ಲಿ ಕೈಹಾಕಲು ಆಗಬಾರದು ಎಂಬುದೇ ಅವರಿಗೆ ಬೇಕಿದ್ದದ್ದು. ನಮ್ಮ ಹಳೇ ಮೈಸೂರು ಕಡೆ ಯುಗಾದಿ ಮರುದಿನದ ಹೊಸತೊಡಕಿಗೆ ಮಾಂಸದ ಚೀಟಿ ಹಾಕುವುದು ಇದೇ. ವಾರವಾರ ಕಟ್ಟುತ್ತಾರೆ, ಹಬ್ಬಕ್ಕೆ ಮರಿ ತಂದು ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಆ ದಿನ ಅಂಗಡಿ ಮುಂದೆ ಕ್ಯೂ ನಿಂತು ದುಬಾರಿ ಬೆಲೆ ಕೊಡುವ ಕಷ್ಟವೂ ಇಲ್ಲ.

ಚೀಟಿಯ ಲೆಕ್ಕ

ಚೀಟಿ ಗೊತ್ತಿಲ್ಲದ ಕನ್ನಡಿಗರಿಲ್ಲ, ಆದರೆ ಅದರ ಗಣಿತ ಬಿಡಿಸಿ ನೋಡಿದವರು ಕಡಿಮೆ. ಆಕೆಯ ಚೀಟಿಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಜನ, ತಿಂಗಳಿಗೆ 2,500, ಇಪ್ಪತ್ತು ತಿಂಗಳು. ಐವತ್ತು ಸಾವಿರದ ಚೀಟಿ. ಪ್ರತಿ ತಿಂಗಳು ಕೂಗು. ಯಾರಿಗೆ ತುರ್ತು ಇದೆಯೋ ಅವರು ಹೆಚ್ಚು ಬಿಟ್ಟುಕೊಡಲು ಒಪ್ಪಿ ಕೂಗುತ್ತಾರೆ.

ಮೂರನೇ ತಿಂಗಳು ಒಬ್ಬರು 12,000ಕ್ಕೆ ಕೂಗಿದರು ಅನ್ನಿ. ಅವರಿಗೆ ಸಿಗುವುದು 38,000. ಬಿಟ್ಟುಕೊಟ್ಟ 12,000ದಲ್ಲಿ ಚೀಟಿ ನಡೆಸುವವರ ಕಮಿಷನ್ ಐದು ಪರ್ಸೆಂಟ್, ಅಂದರೆ 2,500. ಉಳಿದ 9,500 ಇಪ್ಪತ್ತು ಜನಕ್ಕೂ ಸಮನಾಗಿ, ತಲೆಗೆ 475. ಆ ತಿಂಗಳು ಎಲ್ಲರೂ 2,500ರ ಬದಲು 2,025 ಕಟ್ಟಿದರೆ ಸಾಕು. ಕೂಡಿಸಿ ನೋಡಿ: 2,025 ಗುಣಿಸು 20, 40,500. ಅದರಲ್ಲಿ 38,000 ಎತ್ತಿದವರಿಗೆ, 2,500 ನಡೆಸುವವರಿಗೆ. ಲೆಕ್ಕ ಸರಿಯಾಯಿತು.

ತಿಂಗಳು ಕಳೆದಂತೆ ಕೂಗು ಇಳಿಯುತ್ತದೆ. ಕೊನೆಗೆ ಎತ್ತುವವರು ಕಮಿಷನ್ ಕಳೆದು 47,500 ಪಡೆಯುತ್ತಾರೆ. ಒಟ್ಟಾರೆ ತಿಂಗಳಿಗೆ ಸರಾಸರಿ 250 ಉಳಿದಿದ್ದರೆ ಅವರು ಕಟ್ಟಿದ್ದು 45,000. ಹೀಗೆ ಕೊನೆಯವರಿಗೆ ಇದು ಉಳಿತಾಯ, ಮೂರನೆಯವರಿಗೆ ಇದೇ ಸಾಲ. ಮೂರನೇ ತಿಂಗಳು ಎತ್ತಿದವರಿಗೆ ಬಡ್ಡಿ ಎಷ್ಟು ಬಿದ್ದಂತಾಯಿತು ಎಂದು ಲೆಕ್ಕ ಹಾಕಿದೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಗಿಂತ ತುಸು ಹೆಚ್ಚು. ಗಿರವಿ ಅಂಗಡಿಯ ಬಡ್ಡಿಗೆ ಹತ್ತಿರ ಹತ್ತಿರ, ಆದರೆ ಅಡವಿಡಲು ಒಡವೆ ಬೇಕಿಲ್ಲ. ಒಂದೇ ಗುಂಪಿನೊಳಗೆ ಮಗಳ ಮದುವೆ ಇರುವವಳ ಅವಸರಕ್ಕೂ, ಮಗನ ಕಾಲೇಜಿಗೆ ಇನ್ನೂ ಒಂದೂವರೆ ವರ್ಷ ಇರುವವಳ ತಾಳ್ಮೆಗೂ ಬೆಲೆ ಕಟ್ಟುವ ಈ ಉಪಾಯ ಯಾವ ಎಂಬಿಎ ಪದವೀಧರನಿಗೂ ಕಡಿಮೆಯದಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ವಿಷಯ ಹೇಳಿಕೊಡಬೇಕು. ಊರಿನಲ್ಲಿ "ಮೂರು ರೂಪಾಯಿ ಬಡ್ಡಿ" ಅಂದರೆ ವರ್ಷಕ್ಕೆ ಮೂರು ಪರ್ಸೆಂಟ್ ಅಲ್ಲ. ನೂರಕ್ಕೆ, ತಿಂಗಳಿಗೆ, ಮೂರು. ವರ್ಷಕ್ಕೆ ಮೂವತ್ತಾರು. ಐದು ರೂಪಾಯಿ ಬಡ್ಡಿ ಅಂದರೆ ಅರವತ್ತು. ವಾರದ ಬಡ್ಡಿಯಲ್ಲಿ ಹತ್ತು ಸಾವಿರ ಸಾಲ ಅಂತ ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರೆ, ಹತ್ತು ವಾರ ಸಾವಿರ ಸಾವಿರ ಕಟ್ಟಬೇಕು. ಕೇಳಲು "ಹತ್ತಕ್ಕೆ ಒಂದು" ಅಷ್ಟೇ. ಆದರೆ ಒಂಬತ್ತು ಸಾವಿರವೂ ಹತ್ತು ವಾರ ಪೂರ್ತಿ ಅವರ ಕೈಯಲ್ಲಿರುವುದಿಲ್ಲ, ಮೊದಲ ವಾರದಿಂದಲೇ ಕರಗುತ್ತ ಹೋಗುತ್ತದೆ. ಅದನ್ನು ಗಣನೆಗೆ ತೆಗೆದುಕೊಂಡರೆ ವರ್ಷಕ್ಕೆ ನೂರು ಪರ್ಸೆಂಟು ದಾಟುತ್ತದೆ.

ಇನ್ನು ತಳ್ಳುಗಾಡಿಯವರ ದಿನದ ಬಡ್ಡಿ. ಅರ್ಥಶಾಸ್ತ್ರಕ್ಕೆ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಚೆನ್ನೈಯ ಹಣ್ಣು ಮಾರುವವರ ಬಗ್ಗೆ ಬರೆಯುತ್ತ, ಬೆಳಿಗ್ಗೆ ಪಡೆದ ಸಾಲಕ್ಕೆ ಸಂಜೆ ಕೊಡುವ ಬಡ್ಡಿ ಸರಾಸರಿ 4.69 ಪರ್ಸೆಂಟ್ ಎಂದು ಲೆಕ್ಕ ಕೊಟ್ಟಿದ್ದಾರೆ. ಸಾವಿರಕ್ಕೆ ಸುಮಾರು 47 ರೂಪಾಯಿ, ಒಂದೇ ದಿನಕ್ಕೆ. ವರ್ಷದಲ್ಲಿ ಮುನ್ನೂರು ದಿನ ವ್ಯಾಪಾರ ಮಾಡಿದರೆ 14,100. ಒಂದು ಸಾವಿರ ರೂಪಾಯಿ ಸ್ವಂತದ್ದಿಲ್ಲ ಎಂಬ ಒಂದೇ ಕಾರಣಕ್ಕೆ! ಕರ್ನಾಟಕ ಸರ್ಕಾರ 2018ರಲ್ಲಿ "ಬಡವರ ಬಂಧು" ಎಂದು ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲ ತಂದದ್ದು, ಕೇಂದ್ರ 2020ರಲ್ಲಿ ಸ್ವನಿಧಿ ಯೋಜನೆ ತಂದದ್ದು ಇದೇ ಕಾರಣಕ್ಕೆ.

ನಾನು ಕೊಟ್ಟ ಬುದ್ಧಿವಾದ

ಅವರೆಕಾಯಿ ಬಿಡಿಸುತ್ತಿದ್ದ ಆ ಮಧ್ಯಾಹ್ನಕ್ಕೆ ವಾಪಸ್ಸು ಹೋಗೋಣ. ಲೆಕ್ಕ ಬರೆದುಕೊಂಡ ನನಗೆ ಒಂದು "ತಪ್ಪು" ಕಣ್ಣಿಗೆ ಬಿತ್ತು. ಸರವನ್ನು 40,000ಕ್ಕೆ ಅಡವಿಟ್ಟು ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 800 ಕಟ್ಟುತ್ತಿದ್ದಾರೆ. ಅದೇ ಹೊತ್ತಿಗೆ ಚೀಟಿಗೆ 2,500 ಹಾಕುತ್ತಿದ್ದಾರೆ. ಇಲ್ಲಿ ಕ್ರೆಡಿಟ್ ಕಾರ್ಡಿನ ಸಾಲ ಇಟ್ಟುಕೊಂಡು ಸೇವಿಂಗ್ಸ್ ಖಾತೆಗೆ ದುಡ್ಡು ಹಾಕಬೇಡಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವಲ್ಲ!

"ಅಲ್ಲ ಕಣಮ್ಮಾ, ಚೀಟಿ ನಿಲ್ಲಿಸಿ ಆ ದುಡ್ಡಲ್ಲಿ ಮೊದಲು ಸರ ಬಿಡಿಸಿಕೋಬಾರದಾ?" ಎಂದೆ.

ಆಕೆ ಸಿಪ್ಪೆಯನ್ನು ಮಡಿಲಿನಿಂದ ಮೊರಕ್ಕೆ ಕೊಡವಿ, ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು. "ಅಕ್ಕಾ, ಚೀಟಿ ನಿಲ್ಸಿದ್ರೆ ಆ ಎರಡೂವರೆ ಸಾವಿರ ಸರಕ್ಕೆ ಹೋಗತ್ತೆ ಅನ್ಕೊಂಡ್ರಾ? ಮನೇಲೇ ಹೋಗತ್ತೆ. ನಮ್ಮ ಯಜಮಾನ್ರಿಗೆ ಚೀಟಿ ಕಟ್ಬೇಕು ಅಂದ್ರೆ ಮಾತಾಡಲ್ಲ, ಕೊಡ್ತಾರೆ. ಸರ ಬಿಡಿಸ್ಬೇಕು ಅಂದ್ರೆ ನಾಳೆ ನೋಡೋಣ ಅಂತಾರೆ. ಮತ್ತೆ ಮಧ್ಯದಲ್ಲಿ ಬಿಟ್ಟವಳು ಅಂತ ಹೆಸರು ಬಂದ್ರೆ ನಾಳೆ ಯಾವ ಚೀಟಿಗೂ ಸೇರಿಸ್ಕೊಳಲ್ಲ."

ನಾನು ಬಡ್ಡಿಯನ್ನು ಮಾತ್ರ ಲೆಕ್ಕ ಹಾಕಿದ್ದೆ. ಆಕೆಯ ಲೆಕ್ಕದಲ್ಲಿ ಗಂಡನ ಸ್ವಭಾವ, ಓಣಿಯಲ್ಲಿನ ಹೆಸರು, ಮುಂದಿನ ಜೂನ್ ಎಲ್ಲ ಸೇರಿತ್ತು. ತಿಂಗಳ 800 ರೂಪಾಯಿ ಬಡ್ಡಿಯನ್ನು ದಂಡ ಎಂದು ನಾನು ನೋಡಿದೆ. ಸರವನ್ನು ಮಾರದೆ ಉಳಿಸಿಕೊಳ್ಳುವ ಬಾಡಿಗೆ ಎಂದು ಆಕೆ ನೋಡುತ್ತಿದ್ದರು.

ಹಾಗೆಂದು ಬಡವರು ಮಾಡುವುದೆಲ್ಲ ಜಾಣತನ ಎಂದು ಹೇಳಲು ಹೊರಟಿಲ್ಲ. ಕುಡಿತಕ್ಕೆ ಹೋಗುವ ದುಡ್ಡನ್ನು ಯಾವ ಪುಸ್ತಕವೂ ಸಮರ್ಥಿಸಲಾರದು. ಮಗಳು ದೊಡ್ಡವಳಾದ ಆರತಿ ಕಾರ್ಯಕ್ಕೆ ಶಾಮಿಯಾನ ಹಾಕಿ ಫ್ಲೆಕ್ಸ್ ಕಟ್ಟಿಸಿ ಐದು ರೂಪಾಯಿ ಬಡ್ಡಿಗೆ ಸಾಲ ಮಾಡುವವರನ್ನು ನಾನೂ ಕಂಡಿದ್ದೇನೆ. ಹತ್ತಿರದಲ್ಲೇ ಸರ್ಕಾರಿ ಶಾಲೆ ಇದ್ದರೂ "ಕಾನ್ವೆಂಟ್" ಬೋರ್ಡಿಗೆ ಮಾರುಹೋಗಿ ಆದಾಯದ ಎರಡು ತಿಂಗಳನ್ನು ಸುರಿಯುವುದು ಸರಿಯೋ ತಪ್ಪೋ, ಇದರಲ್ಲಿ ನಮ್ಮ ಕಮಿಟಿಯಲ್ಲೇ ಒಮ್ಮತವಿಲ್ಲ. (ನಮ್ಮ ಮಕ್ಕಳನ್ನು ಒಳ್ಳೆಯ ಶಾಲಾ ಜಿಲ್ಲೆಗೆ ಸೇರಿಸಲೆಂದೇ ಸಾಲದ ಮನೆ ಕೊಂಡವರು ಈ ವಿಷಯದಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡಬೇಕು ಎಂದು ನನ್ನ ಅನಿಸಿಕೆ.) ಶಾಂಪೂ ಸ್ಯಾಶೆ, ನೂರು ಗ್ರಾಂ ಬೇಳೆ, ಐವತ್ತು ಗ್ರಾಂ ಎಣ್ಣೆ ಎಂದು ಚಿಕ್ಕದಾಗಿ ಕೊಳ್ಳುವುದು ಮಾತ್ರ ದಡ್ಡತನವಲ್ಲ. ಉದ್ರಿ ಪುಸ್ತಕ ಇರುವ ಅಂಗಡಿಯಲ್ಲಿ ಬೆಲೆ ಎರಡು ರೂಪಾಯಿ ಹೆಚ್ಚು ಎಂದು ಅವರಿಗೂ ಗೊತ್ತು. ಕೆಲಸವಿಲ್ಲದ ವಾರ ಅಕ್ಕಿ ಕೊಡುವುದು ಆ ಅಂಗಡಿಯೇ, ಸೂಪರ್ ಮಾರ್ಕೆಟ್ ಅಲ್ಲ.

ಗಂಟು ಕೈತಪ್ಪಿದಾಗ

ಈ ವ್ಯವಸ್ಥೆಯ ದೊಡ್ಡ ದೋಷ, ಅದು ನಂಬಿಕೆಯ ಮೇಲೆ ನಿಂತಿರುವುದು. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನಡೆಸಲು ನೋಂದಣಿ ಬೇಕು. ಕಮಿಷನ್ನಿಗೂ ಮಿತಿ ಇದೆ, ಐದು ಪರ್ಸೆಂಟ್ ಇದ್ದದ್ದನ್ನು 2019ರ ತಿದ್ದುಪಡಿಯಲ್ಲಿ ಏಳು ಮಾಡಿದರು. ನೋಂದಣಿಯಾದ ಕಂಪನಿಗಳಿವೆ, ಸರ್ಕಾರದ್ದೇ ಆದ ಎಂ.ಎಸ್.ಐ.ಎಲ್. ಕೂಡ ಚೀಟಿ ನಡೆಸುತ್ತದೆ. ಅಲ್ಲಿ ಚೀಟಿ ಎತ್ತಿದವರಿಂದ ಜಾಮೀನು ಕೇಳುತ್ತಾರೆ. ಓಣಿಯ ಚೀಟಿಯಲ್ಲಿ ಜಾಮೀನೂ ಇಲ್ಲ, ನೋಂದಣಿಯೂ ಇಲ್ಲ. ನಮ್ಮಾಕೆಯೇ ಹತ್ತು ವರ್ಷದ ಹಿಂದೆ ಒಮ್ಮೆ ಹದಿನಾಲ್ಕು ತಿಂಗಳು ಕಟ್ಟಿದ ಚೀಟಿಯನ್ನು ಕಳೆದುಕೊಂಡಿದ್ದರು. ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದರು. ಪೊಲೀಸಿಗೆ ಕೊಡಲು ಕೈಯಲ್ಲಿದ್ದದ್ದು ಒಂದು ನೋಟ್‌ಬುಕ್ಕಿನ ಹಾಳೆ.

2016 ಇಂಥವರಿಗೆ ಎರಡು ಪೆಟ್ಟು ಕೊಟ್ಟ ವರ್ಷ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಬಂದು ಕೂತದ್ದನ್ನು ಟಿವಿಯಲ್ಲಿ ನೋಡಿರಬಹುದು. ಪಿ.ಎಫ್.ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ತಂದ ಹೊಸ ನಿಯಮದ ವಿರುದ್ಧ ಅದು. ಮುಪ್ಪಿಗೆ ದುಡ್ಡಿರಲಿ ಎಂಬ ಉದ್ದೇಶ ಕೇಳಲು ಚೆನ್ನಾಗಿಯೇ ಇದೆ. ಆದರೆ ಮೂವತ್ತೈದು-ನಲವತ್ತಕ್ಕೆ ಹೊಲಿಗೆ ಮಿಷನ್ ಮುಂದೆ ಕೂರಲಾರದೆ ಕೆಲಸ ಬಿಡುವ ಹೆಣ್ಣಿಗೆ ಆ ಪಿ.ಎಫ್.ಎಂದರೆ ಮಗಳ ಕಾಲೇಜು, ಗಂಡನ ಆಪರೇಷನ್, ಕೈಸಾಲ ತೀರಿಸುವ ಗಂಟು. 58ಕ್ಕೆ ಬರುವುದು ಆಕೆಗೆ ಬಂದಂತಲ್ಲ. ಎರಡನೇ ದಿನ ಸಂಜೆಗೆ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1,000ದ ನೋಟುಗಳು ರದ್ದಾದಾಗ ಎಷ್ಟೋ ಮನೆಗಳ ಸಾಸಿವೆ ಡಬ್ಬಿ ಗಂಡಂದಿರ ಮುಂದೆ ಬಿಚ್ಚಿಕೊಳ್ಳಬೇಕಾಯಿತು. ನಮ್ಮ ಅಮ್ಮನ ಸೀರೆ ಮಡಿಕೆಗಳಿಂದಲೂ ಹೊರಬಂದದ್ದು ಕಡಿಮೆಯಿರಲಿಲ್ಲ. ಅಮ್ಮನಿಗೆ ಅದು ನಗೆಯ ವಿಷಯ, ಕುಡಿಯುವ ಗಂಡನಿರುವ ಮನೆಯಲ್ಲಿ ಅಲ್ಲ. 2020ರ ಲಾಕ್‌ಡೌನಿನಲ್ಲಿ ಚೀಟಿಗಳೇ ನಿಂತುಹೋದವು. ಎತ್ತಿದವರು ಕಟ್ಟಲಾಗಲಿಲ್ಲ, ಎತ್ತದವರು ಕಾದರು.

ಇತ್ತೀಚಿನದು ಮೈಕ್ರೊಫೈನಾನ್ಸ್. ಸ್ತ್ರೀಶಕ್ತಿ ಸಂಘಗಳಂತೆ ಮೊದಲು ಉಳಿಸಿ ಆಮೇಲೆ ಸಾಲವಲ್ಲ ಇದು, ನೇರ ಸಾಲ, ವಾರ ವಾರ ಕಂತು, ಒಬ್ಬಳು ತಪ್ಪಿದರೆ ಗುಂಪಿನವರೆಲ್ಲ ಹೊಣೆ. ಮೂರು ರೂಪಾಯಿ ಬಡ್ಡಿಗಿಂತ ಅಗ್ಗ, ಅದು ನಿಜ. ಆದರೆ ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಿಂದ, ಅದನ್ನು ತೀರಿಸಲು ಮೂರನೆಯದರಿಂದ ಎತ್ತಿದವರ ಬಾಗಿಲಿಗೆ ವಸೂಲಿಯವರು ಬಂದು ಕೂತು, ಜನ ಊರು ಬಿಟ್ಟು ಹೋಗುವಂತಾಯಿತು, ಆತ್ಮಹತ್ಯೆಗಳೂ ಆದವು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಗೊತ್ತುಮಾಡಿತು.

ಒಳ್ಳೆಯ ಬದಲಾವಣೆಯೂ ಇದೆ. 2014ರ ಜನಧನ ಖಾತೆಗಳಲ್ಲಿ ಬಹಳ ಕಾಲ ಸೊನ್ನೆಯೇ ಇತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ಮನೆಯ ಯಜಮಾನಿಯ ಖಾತೆಗೇ ಬರತೊಡಗಿತು. ಮೇಲಿನ ಪಟ್ಟಿಯ ಬಸ್ಸಿನ ಸಾಲನ್ನು ಹೊಡೆದು ಈ ಎರಡು ಸಾವಿರ ಸೇರಿಸಿ ನೋಡಿ, 3,000 ವ್ಯತ್ಯಾಸ. ಮುಂದಿನ ಸಲ ಹೋದಾಗ ಏನು ಮಾಡಿದಿರಿ ಎಂದು ಕೇಳಿದೆ. "ಇನ್ನೊಂದು ಚೀಟಿ ಹಾಕ್ಕೊಂಡೆ ಅಕ್ಕ" ಎಂದರು.

ನಮ್ಮ ನಿಧಿಯ ತಪ್ಪು

ಈಗ ನಮ್ಮ ಕಡೆಗೆ. ನಮ್ಮ ವಾರ್ಷಿಕ ಊಟ ಮತ್ತು ಸಂಗೀತ ಸಂಜೆ ಆಗಸ್ಟಿನಲ್ಲಿ. ಹಣ ಲೆಕ್ಕವಾಗಿ, ಬ್ಯಾಂಕ್ ದಾಟಿ, ಫೀಜಿನ ರಸೀದಿ ನೋಡಿ ಮಕ್ಕಳ ಮನೆಗೆ ತಲುಪುವುದು ಸೆಪ್ಟೆಂಬರ್ ಕೊನೆಗೆ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ, ಫೀಜು ಕಟ್ಟುವುದು ಅದಕ್ಕೂ ಮೊದಲು. ರಸೀದಿ ತೋರಿಸಿದರೆ ಮಾತ್ರ ಹಣ ಎಂದು ನಿಯಮ ಮಾಡಿದಾಗ ನಾವು ಬಹಳ ಶಿಸ್ತಿನವರು ಎಂದುಕೊಂಡಿದ್ದೆವು. ರಸೀದಿ ಪಡೆಯಲು ಮೊದಲು ದುಡ್ಡು ಕಟ್ಟಬೇಕಲ್ಲ, ಅದು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ನಿಧಿಯಿಂದ ನೆರವು ಪಡೆಯುವ ಒಬ್ಬ ಹುಡುಗನ ತಾಯಿಯನ್ನು ನಾನು ಕೇಳಿದೆ. ಮೇ ತಿಂಗಳಲ್ಲಿ 15,000 ಐದು ರೂಪಾಯಿ ಬಡ್ಡಿಗೆ. ತಿಂಗಳಿಗೆ 750, ಐದು ತಿಂಗಳು ಸೇರಿ 3,750. ನಾವು ಕೊಟ್ಟ ಹದಿನೈದು ಸಾವಿರದಲ್ಲಿ ನಾಲ್ಕನೇ ಒಂದು ಭಾಗ ಓದಿಗೆ ಹೋಗಿಯೇ ಇರಲಿಲ್ಲ, ನಮ್ಮ ತಡಕ್ಕೆ ಬಡ್ಡಿಯಾಗಿ ಹೋಗಿತ್ತು. ಆಕೆ ಇದನ್ನು ದೂರಿನಂತೆ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹೇಳಿದರು.

ಕಮಿಟಿಯಲ್ಲಿ ಈ ಬಗ್ಗೆ ಬಿಸಿ ಚರ್ಚೆಯೇ ಆಯಿತು. ರಸೀದಿ ಇಲ್ಲದೆ ಕೊಟ್ಟರೆ ಟಿವಿ ಕೊಳ್ಳುತ್ತಾರೆ ಎಂದರು ಒಬ್ಬರು. ಕೊನೆಗೆ, ಶಾಲೆಯಿಂದ ಫೀಜಿನ ಚಲನ್ ತಂದರೆ ಏಪ್ರಿಲ್‌ನಲ್ಲೇ ನೇರ ಶಾಲೆಗೆ ಕಟ್ಟುವುದು, ಪುಸ್ತಕ-ಯೂನಿಫಾರಂ ದುಡ್ಡನ್ನು ಮಾತ್ರ ತಾಯಿಯ ಖಾತೆಗೆ ಹಾಕುವುದು ಎಂದು ಒಪ್ಪಿದೆವು. ಆದರೆ ಆಗಸ್ಟಿನಲ್ಲಿ ಕೂಡಿದ ಹಣವನ್ನು ಏಪ್ರಿಲ್‌ವರೆಗೆ ಕಾದಿಡಬೇಕಾದರೆ, ಈ ಸೆಪ್ಟೆಂಬರಿನಲ್ಲಿ ಕಾಯುತ್ತಿರುವವರಿಗೆ ಏನು ಕೊಡುವುದು? ಒಂದು ಸಲ, ಒಂದೇ ಸಲ, ಎರಡು ವರ್ಷದ ಹಣ ಬೇಕು. ನಮಗೂ ಹನಿಯೇ ಬರುತ್ತಿದೆ, ಗಂಟಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳ ಫೀಜನ್ನು ಮಾತ್ರ ಹೀಗೆ ಮೊದಲೇ ಕಟ್ಟಲು ಸಾಧ್ಯವಾಯಿತು. ಪ್ರೈಮರಿ ಮಕ್ಕಳದ್ದು ಈ ವರ್ಷವೂ ಸೆಪ್ಟೆಂಬರಿಗೇ ಹೋಗುತ್ತದೆ. ತಿಂಗಳಿಗೆ ಇಪ್ಪತ್ತೈದು ಡಾಲರ್ ತಾನಾಗಿಯೇ ಖಾತೆಯಿಂದ ಹೋಗುವಂತೆ ಬರೆದುಕೊಡುವ ಫಾರಂ ಈ ಸಂಚಿಕೆಯ ಒಳರಕ್ಷಾಪುಟದಲ್ಲಿದೆ, ಊಟದ ಹಾಲಿನ ಬಾಗಿಲ ಬಳಿಯ ಮೇಜಿನ ಮೇಲೂ ಇರುತ್ತದೆ. ಲಗ್ಗೆರೆಯ ಆಕೆಯ ಮಗಳು ಈಗ ಎರಡನೇ ಪಿಯುಸಿ. ಚೀಟಿ ಬರುವ ಯುಗಾದಿಗೆ ಮುಗಿಯುತ್ತದಂತೆ. ಸರ ಇನ್ನೂ ಗಿರವಿ ಅಂಗಡಿಯಲ್ಲೇ ಇದೆ.